ಓದುಗರ ಪ್ರಶ್ನೆ: ‘ಫಿಲ್ಟರ್ ಫೇಲ್ಡ್’ ಅಂದ್ರೆ ಯಾವ ಫಿಲ್ಟರ್ ಸ್ವಾಮಿ?

ಪ್ರಶ್ನೆ: ಲಿನಕ್ಸ್‌ಗೆ ಹಳೇ ಲೇಸರ್ ಪ್ರಿಂಟರ್ ಹಾಕಿದೀನಿ. ಏನೇ ಪ್ರಿಂಟ್ ಕೊಟ್ರೂ ‘ಫಿಲ್ಟರ್ ಫೇಲ್ಡ್’ ಅಂತ ಬಂದು ನಿಂತೋಗತ್ತೆ. ಡ್ರೈವರ್ ಮೂರು ಸಲ ತೆಗೆದು ಹಾಕ್ದೆ. ಎರರ್ ಲಾಗ್‌ನಲ್ಲೂ ಕೆಲಸಕ್ಕೆ ಬರೋ ಅಂಥದ್ದೇನೂ ಇಲ್ಲ. ಮುಂದೇನು ಮಾಡ್ಲಿ?

ಉತ್ತರ: ನಾಲ್ಕನೇ ಸಲ ಡ್ರೈವರ್ ಹಾಕ್ಬೇಡಿ, ಅಷ್ಟು ಮೊದಲು ಮಾಡಿ. ಆ ಮೆಸೇಜು ಜಾಬ್ ಸತ್ತೋಯ್ತು ಅಂತ ಹೇಳತ್ತೇ ಹೊರತು ಯಾಕೆ ಅಂತ ಹೇಳಲ್ಲ. ನೀವು ಕೊಟ್ಟ ಪಿಡಿಎಫ್ ನೇರ ಪ್ರಿಂಟರ್‌ಗೆ ಹೋಗಲ್ಲ, ಕಪ್ಸ್ (ಲಿನಕ್ಸ್‌ನಲ್ಲಿ ಪ್ರಿಂಟಿಂಗ್ ನೋಡ್ಕೊಳೋ ಸಾಫ್ಟ್‌ವೇರ್) ಅದನ್ನ ಮೂರ್ನಾಲ್ಕು ಸಣ್ಣ ಪ್ರೋಗ್ರಾಮ್‌ಗಳ ಕೈಯಿಂದ ಕೈಗೆ ದಾಟಿಸತ್ತೆ, ಇವಕ್ಕೇ ಫಿಲ್ಟರ್ ಅನ್ನೋದು, ಒಂದು ಪುಟ ಜೋಡಿಸತ್ತೆ, ಇನ್ನೊಂದು ಚುಕ್ಕಿಗಳ ಚಿತ್ರ ಮಾಡತ್ತೆ, ಮತ್ತೊಂದು ಅದನ್ನ ಪ್ರಿಂಟರ್ ಭಾಷೆಗೆ ತಿರುಗಿಸತ್ತೆ, ಕೊನೇಲಿ ಬ್ಯಾಕೆಂಡ್ ಅನ್ನೋದು ಯುಎಸ್‌ಬಿಗೋ ನೆಟ್‌ವರ್ಕ್‌ಗೋ ಕಳಿಸತ್ತೆ. ಇದರಲ್ಲಿ ಯಾವುದು ಕೈಕೊಟ್ರೂ ನಿಮಗೆ ಕಾಣೋದು ಅದೇ ಒಂದು ಸಾಲು. ಲಾಗ್ ಲೆವೆಲ್ (ಲಾಗ್‌ನಲ್ಲಿ ಎಷ್ಟು ವಿವರ ಬರೀಬೇಕು ಅನ್ನೋ ಸೆಟ್ಟಿಂಗ್) ಮಾಮೂಲಿಯಾಗಿ ‘ವಾರ್ನ್’ನಲ್ಲಿರತ್ತೆ, ಅಂದ್ರೆ ಎಚ್ಚರಿಕೆ, ಎರರ್ ಮಾತ್ರ, ಹಾಗಾಗಿ ಒಳಗಿನ ಕಥೆ ಪೂರ್ತಿಯಾಗಿ ಲಾಗ್‌ಗೆ ಇಳಿಯಲ್ಲ.

ಟರ್ಮಿನಲ್‌ನಲ್ಲಿ ‘ಸೂಡೋ ಕಪ್ಸ್‌ಸಿಟಿಎಲ್ --ಡೀಬಗ್-ಲಾಗಿಂಗ್’ ಕೊಡಿ (ಟೈಪ್ ಮಾಡೋವಾಗ ಇಂಗ್ಲಿಷ್ ಅಕ್ಷರದಲ್ಲೇ, ಹೇಳ್ಬೇಕಾಗಿಲ್ಲ ಅನ್ಕೋತೀನಿ). ಆಮೇಲೆ ಒಂದೇ ಒಂದು ಪೇಜ್ ಪ್ರಿಂಟ್ ಕೊಡಿ, ಹತ್ತು ಜಾಬ್ ಕಳಿಸಿದ್ರೆ ನೀವೇ ಕಳೆದೋಗ್ತೀರಿ. /ವಾರ್/ಲಾಗ್/ಕಪ್ಸ್ ಫೋಲ್ಡರ್‌ನಲ್ಲಿರೋ ಎರರ್_ಲಾಗ್ ತೆಗೆದು ನಿಮ್ಮ ಜಾಬ್ ನಂಬರ್ ಹುಡುಕಿ, ‘[ಜಾಬ್ 42]’ ಅನ್ನೋ ಥರ ಪ್ರತಿ ಸಾಲಲ್ಲೂ ಇರತ್ತೆ.

ಎಲ್ರೂ ಲಾಗನ್ನ ಕೆಳಗಿಂದ ಓದ್ತಾರೆ, ನಾನೂ ಹಾಗೇ ಮಾಡಿ ಒಂದಿಡೀ ಸಂಜೆ ಯುಎಸ್‌ಬಿ ಕೇಬಲ್ ಬದಲಾಯಿಸ್ತಾ ಕೂತಿದ್ದೆ. ಆ ಪ್ರೋಗ್ರಾಮ್‌ಗಳ ಸಾಲಲ್ಲಿ ಒಬ್ಬ ಬಿದ್ರೆ ಪಕ್ಕದೋರೂ ಬೀಳ್ತಾರೆ, ಅವರ ಗೋಳು ಕೆಳಗಿರತ್ತೆ. ಅದಕ್ಕೇ ಮೇಲಿಂದ ಬನ್ನಿ, ‘ಸ್ಟಾಪ್ಡ್ ವಿತ್ ಸ್ಟೇಟಸ್’ ಅಥವಾ ‘ಕ್ರ್ಯಾಶ್ಡ್ ಆನ್ ಸಿಗ್ನಲ್’ ಅಂತ ಮೊದಲು ಎಲ್ಲಿ ಸಿಗತ್ತೋ ಅಲ್ಲಿ ನಿಂತು ಅದರ ಮೇಲಿನ ನಾಲ್ಕೈದು ಸಾಲು ನೋಡಿ.

ಹಳೇ ಪ್ರಿಂಟರ್ ಅಂದ್ರಲ್ಲ, ಹಾಗಾಗಿ ಒಂದು ಅನುಮಾನ. ಅಲ್ಲಿ ಡ್ರೈವರ್ ಫಿಲ್ಟರ್ ಹೆಸರಿನ ಜೊತೆ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಅಂತ ಇರಬಹುದು, ಹೋಗಿ ನೋಡಿದ್ರೆ ಫೈಲ್ ಅಲ್ಲೇ ಕೂತಿರತ್ತೆ, ತಲೆ ಕೆಡತ್ತೆ. ಅದರ ಮೇಲೆ ‘ಫೈಲ್’ ಕಮ್ಯಾಂಡ್ ಓಡಿಸಿ, 32-ಬಿಟ್ ಅಂತ ಬಂದು ನಿಮ್ಮ ಸಿಸ್ಟಮ್ 64-ಬಿಟ್ ಆಗಿದ್ರೆ ಇಲ್ಲದೇ ಇರೋದು ಆ ಫೈಲ್ ಅಲ್ಲ, ಅದನ್ನ ಎಬ್ಬಿಸಬೇಕಾದ 32-ಬಿಟ್ ಲೋಡರ್. 32-ಬಿಟ್ ಸಿ ಲೈಬ್ರರಿ ಹಾಕಿ, ಆಮೇಲೂ ಯಾವುದಾದ್ರೂ ಲೈಬ್ರರಿ ಕೇಳಿದ್ರೆ ಲಾಗ್‌ನಲ್ಲೇ ಅದರ ಹೆಸರು ಬರತ್ತೆ. ‘ಇನ್‌ಸೆಕ್ಯೂರ್ ಪರ್ಮಿಷನ್ಸ್’ ಅಂತ ಬಂದಿದ್ರೆ ಬೇರೆ ಕಥೆ: ಯಾರೋ ಫಿಲ್ಟರ್‌ಗೆ 777 (ಯಾರು ಬೇಕಾದ್ರೂ ತಿದ್ದಬಹುದು ಅನ್ನೋ ಪರ್ಮಿಷನ್) ಕೊಟ್ಟಿದಾರೆ, 755 (ಓನರ್ ಮಾತ್ರ ತಿದ್ದಬಹುದು) ಮಾಡಿ, ಓನರ್ ರೂಟ್ ಇರ್ಲಿ.

ಪ್ರಿಂಟರ್ ‘ಸ್ಟಾಪ್ಡ್’ ಆಗಿ ಕೂತಿದ್ರೆ ಕೊನೇಲಿ ಅದನ್ನ ಮತ್ತೆ ಚಾಲೂ ಮಾಡೋ ‘ಕಪ್ಸ್‌ಎನೇಬಲ್’ ಕಮ್ಯಾಂಡ್ ಪ್ರಿಂಟರ್ ಹೆಸರಿನ ಜೊತೆ ಕೊಡೋದು ಮರೀಬೇಡಿ, ಸರಿಮಾಡಿದ್ರೂ ಕೆಲಸ ಮಾಡ್ತಿಲ್ಲ ಅಂತ ಪರದಾಡೋರೇ ಜಾಸ್ತಿ.

ಪ್ರಶ್ನೆ: ಡೀಬಗ್ ಆನ್ ಮಾಡಿ ಮರೆತಿದ್ದೆ, ಲಾಗ್ ಸಿಕ್ಕಾಪಟ್ಟೆ ಬೆಳೆದಿದೆ. ತೊಂದ್ರೆನಾ?

ಉತ್ತರ: ‘ಕಪ್ಸ್‌ಸಿಟಿಎಲ್ --ನೋ-ಡೀಬಗ್-ಲಾಗಿಂಗ್’ ಕೊಟ್ಟು ಆಫ್ ಮಾಡಿ. ಡಿಸ್ಕ್ ಜಾಗಕ್ಕಿಂತ ಇನ್ನೊಂದು ವಿಷಯ ಇದೆ, ಯಾರು ಯಾವ ಹೆಸರಿನ ಫೈಲ್ ಪ್ರಿಂಟ್ ಮಾಡಿದ್ರು ಅನ್ನೋದು ಅದರಲ್ಲಿ ಇರತ್ತೆ, ಬೇರೆಯೋರಿಗೆ ಲಾಗ್ ಕಳಿಸೋ ಮುಂಚೆ ಆ ಸಾಲುಗಳನ್ನ ಅಳಿಸಿ.