ನನ್ನ ಭಾವಚಿತ್ರವನ್ನು ನಾನೇ ಬರೆದರೆ ನನ್ನ ಬಗ್ಗೆ ಏನಾದರೂ ತಿಳಿಯುತ್ತದೆಯೇ?

ಚಿತ್ರಕಲೆ ಕಲಿಯದವರು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುವುದರಿಂದ ತಮ್ಮನ್ನು ಅರಿಯಲು ಸಾಧ್ಯವೇ, ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ. ಆದರೆ ಒಳಗೆಲ್ಲೋ ಅಡಗಿರುವ 'ನಿಜವಾದ ನಾನು' ಒಂದು ದಿನ ಹಾಳೆಯ ಮೇಲೆ ಮೂಡುತ್ತದೆ ಎಂದು ಕಾಯಬೇಡಿ. ನಿಮ್ಮ ಬಗ್ಗೆ ನೀವು ಎಂದೋ ಕೊಟ್ಟುಕೊಂಡ ತೀರ್ಪುಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ನನ್ನ ಪಾಲಿಗೆ ಅದೇ ದೊಡ್ಡ ಲಾಭ.

ಅಳತೆಯಿಂದಲೇ ಇದು ಶುರುವಾಗುತ್ತದೆ. ಹೊಸದಾಗಿ ಬರೆಯುವವರು ಸಾಮಾನ್ಯವಾಗಿ ಕಣ್ಣುಗಳನ್ನು ತೀರಾ ಮೇಲೆ ಇಡುತ್ತಾರೆ. ಅಳೆದು ನೋಡಿ: ನೆತ್ತಿಯಿಂದ ಗಲ್ಲದವರೆಗಿನ ಎತ್ತರದ ಹೆಚ್ಚುಕಡಿಮೆ ನಟ್ಟನಡುವೆ ಕಣ್ಣುಗಳಿರುತ್ತವೆ. ಕಣ್ಣು, ಬಾಯಿಗಳಿಗೆ ಮನಸ್ಸು ಕೊಡುವ ಮಹತ್ವವನ್ನು ಹಣೆಗೆ ಕೊಡುವುದಿಲ್ಲ. ಕೈಯೂ ಹಾಗೆಯೇ ಹಣೆಯನ್ನು ಕುಗ್ಗಿಸಿಬಿಡುತ್ತದೆ. ಇನ್ನೊಂದನ್ನೂ ಮಾಡಿ ನೋಡಿ. ಒಂದು ಕಣ್ಣು ಮುಚ್ಚಿ, ಕನ್ನಡಿಯ ಗಾಜಿನ ಮೇಲೆ ಕಾಣುವ ನಿಮ್ಮ ತಲೆಯ ಸುತ್ತ ಸಾಬೂನಿನ ಚೂರಿನಿಂದ ಗೆರೆ ಎಳೆಯಿರಿ. ಆ ಆಕಾರ ನಿಮ್ಮ ತಲೆಯ ಅರ್ಧದಷ್ಟೇ ಇರುತ್ತದೆ. ಎಷ್ಟು ಹಿಂದೆ ಸರಿದು ನಿಂತರೂ ಅಷ್ಟೇ. ದಿನಾ ನೋಡುವ ಮುಖವನ್ನು ನಾವು ಎಷ್ಟು ಕಡಿಮೆ ನೋಡಿದ್ದೇವೆ!

ಫೋಟೋಗಿಂತ ಕನ್ನಡಿಯ ಮುಂದೆ ಕುಳಿತು ಬರೆಯಿರಿ ಎನ್ನುತ್ತೇನೆ. ಕನ್ನಡಿ ಎಡಬಲವನ್ನು ಬದಲಿಸುತ್ತದೆ, ನಿಜ. ಡಚ್ ಚಿತ್ರಕಾರ ವ್ಯಾನ್ ಗೋ 1888ರ ಡಿಸೆಂಬರ್‌ನಲ್ಲಿ ಕೊಯ್ದುಕೊಂಡದ್ದು ಎಡಗಿವಿಯನ್ನು. ಮರುತಿಂಗಳು ತನ್ನ ಮುಖವನ್ನೇ ಬರೆದ ಚಿತ್ರಗಳಲ್ಲಿ ಪಟ್ಟಿ ಬಲಗಿವಿಯ ಮೇಲಿರುವಂತೆ ಕಾಣುವುದು ಇದರಿಂದಲೇ. ಆದರೂ ಕನ್ನಡಿಯಲ್ಲಿ ಫೋಟೋ ಕೊಡದ ಒಂದು ಸಂಗತಿ ಇದೆ: ಮುಖ ದಣಿಯುತ್ತದೆ. ಕುಳಿತ ಕೂಡಲೇ ನಾವೆಲ್ಲ ಒಂದು ಮುಖ ಹೊತ್ತುಕೊಳ್ಳುತ್ತೇವೆ, ಕಣ್ಣು ಸ್ವಲ್ಪ ಅರಳಿಸಿ, ತುಟಿಯನ್ನು ಸರಿಮಾಡಿಕೊಂಡು. ಕಾಲು ಗಂಟೆ ಕಳೆಯುವಷ್ಟರಲ್ಲಿ ಗಮನವೆಲ್ಲ ಗೆರೆಯ ಕಡೆಗೆ ಹೋಗಿ ಆ ಮುಖ ಜಾರಿಬಿಡುತ್ತದೆ. ಆಮೇಲೆ ಕಾಣುವುದನ್ನು ಬರೆಯಿರಿ.

ನನ್ನ ಚಿತ್ರಗಳನ್ನು ಒಮ್ಮೆ ನೆಲದ ಮೇಲೆ ಸಾಲಾಗಿ ಹರಡಿ ನೋಡಿದೆ. ಬೆಳಕು ಬೇರೆ, ಕೋನ ಬೇರೆ. ಆದರೆ ಎಲ್ಲದರಲ್ಲೂ ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಒಂದು ಕಪ್ಪು ಗಂಟು. ಹಲ್ಲು ಕಚ್ಚಿದಾಗ ಉಬ್ಬುವ ಸ್ನಾಯು ಅದು. ನಾನು ಶಾಂತ ಸ್ವಭಾವದವನು ಎಂದೇ ನಂಬಿದ್ದೆ. ಆಮೇಲೆ ದಿನದ ನಡುವೆ ಗಮನಿಸತೊಡಗಿದೆ: ಯಾರಾದರೂ ನನ್ನ ಮಾತಿಗೆ ಅಡ್ಡ ಬಂದಾಗ ನಗುತ್ತಲೇ ಹಲ್ಲು ಕಚ್ಚುತ್ತೇನೆ. ಯಾರೂ ಹೇಳದಿದ್ದ ಈ ಸಂಗತಿಯನ್ನು ಹೇಳಿದ್ದು ಪೆನ್ಸಿಲ್.

ಆದ್ದರಿಂದ ಒಂದೇ ಚಿತ್ರಕ್ಕೆ ನಿಲ್ಲಿಸಬೇಡಿ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಇಪ್ಪತ್ತರ ಹರೆಯದಲ್ಲಿ ಕನ್ನಡಿಯ ಮುಂದೆ ಹುಬ್ಬು ಗಂಟಿಕ್ಕಿ, ಬಾಯಿ ತೆರೆದು, ಬೆಚ್ಚಿಬಿದ್ದವನಂತೆ ಕಣ್ಣರಳಿಸಿ ತನ್ನ ಮುಖವನ್ನು ತಾಮ್ರದ ಫಲಕಗಳ ಮೇಲೆ ಕೊರೆದ. ತೀರಿಕೊಂಡ 1669ರಲ್ಲೂ ತನ್ನ ಸಡಿಲಗೊಂಡ ಕೆನ್ನೆಯನ್ನು ಬಣ್ಣದಲ್ಲಿ ಬರೆಯುತ್ತಿದ್ದ. ನೀವೂ ಪ್ರತಿ ಹಾಳೆಯ ಹಿಂದೆ ದಿನಾಂಕ ಹಾಕಿ, ಹೋಲಿಕೆ ಬರದಿದ್ದರೂ ಹರಿಯದೆ ಎತ್ತಿಡಿ. ಅಳಿಸಿ ಅಳಿಸಿ ಕಾಗದ ತೆಳುವಾದ ಜಾಗ ಯಾವುದು ಎಂದು ನೋಡಿ. ಮೂಗೋ, ತೆಳ್ಳಗಾಗುತ್ತಿರುವ ಕೂದಲೋ? ಅಲ್ಲಿ ಕಂಡದ್ದನ್ನು ತಿದ್ದುತ್ತಿದ್ದಿರೋ, ಇಷ್ಟವಾಗದ್ದನ್ನು ಮರೆಮಾಡುತ್ತಿದ್ದಿರೋ ಎಂಬುದು ನಿಮಗೊಬ್ಬರಿಗೇ ಗೊತ್ತು. ಅದನ್ನು ಒಂದು ಸಾಲಿನಲ್ಲಿ ಬರೆದಿಡಿ.

ಕನ್ನಡಿ ನೋಡಿದರೆ ಸಂಕಟವಾಗುವಂತಿದ್ದರೆ ಹಟ ಮಾಡಿ ಕೂರಬೇಡಿ. ಬರೆಯದ ಕೈ ಎದುರಿಗೇ ಇರುತ್ತದಲ್ಲ, ಮೊದಲು ಅದನ್ನೇ ಬರೆಯಿರಿ: ಉಗುರು, ನರ, ಹಳೆಯ ಗಾಯದ ಗುರುತು. ಮುಖದ ಸರದಿ ಆಮೇಲೆ ಬರಲಿ.