ನೋಟಿಫಿಕೇಶನ್ ಬರೋವರೆಗೆ ಬದುಕಿಗೇ ರಜೆ: ಬಳ್ಳಾರಿಯ ಒಂದು ಆಪ್ತಸಲಹೆ ಪ್ರಕರಣ

ಸಂಡೂರು ತಾಲ್ಲೂಕಿನ ಹುಡುಗ. ವಯಸ್ಸು 28, ಓದಿದ್ದು ಬಿ.ಕಾಂ. ಬಳ್ಳಾರಿಯಲ್ಲಿ ಇಬ್ಬರು ಗೆಳೆಯರ ಜೊತೆ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ. 2025ರ ಬೇಸಿಗೆಯಲ್ಲಿ ಅವನ ಅಕ್ಕ ಆಪ್ತಸಲಹೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದರು. (ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಅಕ್ಕನ ದೂರು ಇಷ್ಟೇ: "ಫೋನ್ ಎತ್ತಲ್ಲ ಮೇಡಂ. ಯುಗಾದಿಗೂ ಊರಿಗೆ ಬರಲಿಲ್ಲ."

ಅಕ್ಕ ಹೊರಗೆ ಹೋದ ಮೇಲೆ ಅವನು ಬಾಯಿ ಬಿಟ್ಟ. "ಊರಿಗೆ ಹೋದ್ರೆ ಎಲ್ಲರೂ ಕೇಳೋದು ಒಂದೇ ಮೇಡಂ, ಏನಪ್ಪಾ, ನೌಕರಿ ಎಲ್ಲಿಗೆ ಬಂತು ಅಂತ. ಎಲ್ಲಿಗೂ ಬಂದಿಲ್ಲ ಅಂತ ಎಷ್ಟು ಸಲ ಹೇಳ್ಲಿ?"

ಅವನು ಸೋಮಾರಿ ಅಲ್ಲ. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಬರೆದಿದ್ದ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. ಅದರಲ್ಲಿ ಅವನಿಗೆ ಆಗಲಿಲ್ಲ. ಸರಿ, ಬೇರೆ ಹುದ್ದೆ ನೋಡೋಣ ಅಂತ ಕೂತಾಗ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ವರದಿ ಬರುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ 2024ರ ಅಕ್ಟೋಬರ್ ಕೊನೆಯಲ್ಲಿ ಸರ್ಕಾರ ತೀರ್ಮಾನಿಸಿತು. ಆ ತೀರ್ಮಾನದ ಸರಿ ತಪ್ಪು ಇಲ್ಲಿನ ವಿಷಯ ಅಲ್ಲ. ಆದರೆ ಸೋತವನಿಗೆ ಮುಂದಿನ ಪರೀಕ್ಷೆಯ ತಾರೀಖಾದರೂ ಇರುತ್ತದೆ. ಇವನಿಗೆ ಅದೂ ಇರಲಿಲ್ಲ.

ದಿನ ಹೇಗೆ ಕಳೆಯುತ್ತೆ ಅಂತ ಕೇಳಿದೆ. ರಾತ್ರಿ ಎರಡು, ಮೂರರವರೆಗೆ ಟೆಲಿಗ್ರಾಂ ಗ್ರೂಪುಗಳಲ್ಲಿ ಅಧಿಸೂಚನೆ ಸುದ್ದಿ ಹುಡುಕುವುದು. ಬೆಳಿಗ್ಗೆ ಹನ್ನೊಂದಕ್ಕೆ ಏಳುವುದು. ಮೆಸ್ಸಿನಲ್ಲಿ ಒಂದೇ ಹೊತ್ತು ಊಟ. ಲೈಬ್ರರಿಗೆ ಹೋದರೂ ಅದೇ ಪುಟ ತೆರೆದುಕೊಂಡು ಕೂರುವುದು. ಸಂಜೆ ವಾಲಿಬಾಲ್ ಆಡುತ್ತಿದ್ದ, ಅದನ್ನು ಬಿಟ್ಟಿದ್ದ. "ನೌಕರಿ ಇಲ್ಲದವನಿಗೆ ಆಟ ಯಾಕೆ ಅನ್ಸುತ್ತೆ."

ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ತೋರಿಸಿದ. ಕೆಂಪು, ನೀಲಿ, ಹಸಿರು ಶಾಯಿಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ ಟೈಮ್‌ಟೇಬಲ್. ಎದ್ದೇಳುವುದು 4.30ಕ್ಕೆ. 5ರಿಂದ 8 ಸಂವಿಧಾನ, 8.30ರಿಂದ ಅರ್ಥಶಾಸ್ತ್ರ. ಮುಂದಿನ ಪುಟದಲ್ಲಿ ಅದೇ ಟೈಮ್‌ಟೇಬಲ್, ಹೊಸ ತಾರೀಖು. ಅದರ ಮುಂದೆಯೂ ಅದೇ. ಪ್ರತಿ ಪುಟದ ಮೇಲೂ "ಸೋಮವಾರದಿಂದ ಪಕ್ಕಾ" ಅಂತ ಬರೆದಿದ್ದ. ಆ ನೋಟ್‌ಬುಕ್ ನೋಡಿದರೆ ಇವನಿಗೆ ಛಲ ಇಲ್ಲ ಅನ್ನೋಕೆ ಆಗಲ್ಲ. ಮನಸ್ಸು ಸರಿಹೋದ ಮೇಲೆ ಶುರು ಮಾಡೋಣ ಅಂತ ಅವನು ಕಾಯುತ್ತಿದ್ದ. ಭವಿಷ್ಯ ಸ್ಪಷ್ಟವಾದ ಮೇಲೆ ಮನಸ್ಸು ಸರಿಹೋಗುತ್ತೆ ಅಂತಲೂ ಕಾಯುತ್ತಿದ್ದ. ಎರಡೂ ಅವನ ಕೈಯಲ್ಲಿ ಇರಲಿಲ್ಲ.

ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿದೆ: "ಸಾಯಬೇಕು ಅನ್ನಿಸಿದ್ದುಂಟಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನೂ ಆಗಲ್ಲ. ಕೇಳಿದರೆ ಹೆಚ್ಚಿನವರಿಗೆ ಹಗುರ ಆಗುತ್ತೆ. "ಎದ್ದೇಳದೇ ಇದ್ರೆ ಚೆನ್ನಾಗಿರುತ್ತೆ ಅನ್ಸಿದೆ, ಏನೂ ಮಾಡ್ಕೋಬೇಕು ಅಂತ ಇಲ್ಲ" ಅಂದ. ಅವನಿಗೆ ಹೇಳಿಯೇ ಅಕ್ಕನನ್ನು ಒಳಗೆ ಕರೆದು ವಿಷಯ ತಿಳಿಸಿದೆ. ಮನೋವೈದ್ಯರಿಗೂ ಒಮ್ಮೆ ತೋರಿಸಿ ಅಂದೆ. ಅಕ್ಕನ ಮುಖ ಬಾಡಿತು. "ಅಲ್ಲಿಗೆ ಹೋದ್ರೆ ಜನ ಏನಂತಾರೆ?"

ಈ ಮಾತು ಬಳ್ಳಾರಿಯಲ್ಲಿ ಕೇಳಿದಾಗ ನನಗೆ ಸ್ವಲ್ಪ ಬೇಜಾರಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಅಂತ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರು ಪ್ರಯೋಗ ಮಾಡಿ ತೋರಿಸಿದ್ದು ಇದೇ ಜಿಲ್ಲೆಯಲ್ಲಿ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ "ಬಳ್ಳಾರಿ ಮಾದರಿ"ಯೇ ಆಧಾರ. ಇದನ್ನು ಹೇಳಿದ ಮೇಲೆ ಅಕ್ಕ ಒಪ್ಪಿದರು. ವೈದ್ಯರು ನೋಡಿ, ಸದ್ಯಕ್ಕೆ ಮಾತ್ರೆ ಬೇಡ, ಆಪ್ತಸಲಹೆ ಮುಂದುವರಿಸಿ ಅಂದರು.

"ಎಲ್ಲಾ ಒಳ್ಳೇದಾಗುತ್ತೆ ಬಿಡು" ಅಂತ ನಾನು ಹೇಳಲಿಲ್ಲ. ಅದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಟೈಮ್‌ಟೇಬಲ್ ಪಕ್ಕಕ್ಕಿಟ್ಟು ಎರಡೇ ಕೆಲಸ ಬರೆದುಕೊಟ್ಟೆ. ಮಲಗಿದ್ದು ಎಷ್ಟೊತ್ತಿಗಾದರೂ ಸರಿ, ಬೆಳಿಗ್ಗೆ ಏಳೂವರೆಗೆ ಎದ್ದು ರೂಮಿನಿಂದ ಹೊರಗೆ ಬರಬೇಕು. ಸಂಜೆ ವಾಲಿಬಾಲ್ ಗ್ರೌಂಡಿಗೆ ಹೋಗಬೇಕು, ಆಡದಿದ್ದರೂ ನಿಂತು ನೋಡಬೇಕು. ಖುಷಿ ಆಗಬೇಕು ಅಂತ ಷರತ್ತಿಲ್ಲ.

"ಓದೋದು?" ಅಂದ.

"ಆಮೇಲೆ ನೋಡೋಣ" ಅಂದೆ.

ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಅಂತ ಹೆಸರು. ಮನಸ್ಸು ಕುಗ್ಗಿದವರು ಒಂದೊಂದೇ ಕೆಲಸ ಬಿಡುತ್ತಾ ಹೋಗುತ್ತಾರೆ. ಬಿಟ್ಟಷ್ಟೂ ಮನಸ್ಸು ಇನ್ನೂ ಕುಗ್ಗುತ್ತದೆ. ಅದಕ್ಕೇ ಮನಸ್ಸಿಲ್ಲದಿದ್ದರೂ ಕೈಕಾಲು ಮೊದಲು ಆಡಿಸಬೇಕು, ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ. ಟೆಲಿಗ್ರಾಂಗೆ ಮಧ್ಯಾಹ್ನ ಊಟ ಆದಮೇಲೆ ಇಪ್ಪತ್ತು ನಿಮಿಷ. ಅಧಿಸೂಚನೆ ಬಂದಿದ್ದರೆ ಆಗಲೂ ಸಿಗುತ್ತೆ, ರಾತ್ರಿ ಮೂರಕ್ಕೇ ಹಿಡಿಯಬೇಕು ಅಂತೇನಿಲ್ಲ.

ಎರಡನೇ ವಾರ ಬಂದಾಗ ಎಲ್ಲಾ ಸರಿ ಇರಲಿಲ್ಲ. ಮೂರು ದಿನ ಎದ್ದಿದ್ದ, ನಾಲ್ಕು ದಿನ ಇಲ್ಲ. ಒಂದು ಸಂಜೆ ಆಟ ಮುಗಿಸಿ ಹುಡುಗರ ಜೊತೆ ಒಗ್ಗರಣೆ ಮಿರ್ಚಿ ತಿಂದೆ ಅಂದ. ಹೇಳುವಾಗ ತಪ್ಪು ಒಪ್ಪಿಕೊಳ್ಳುವವನ ದನಿ. ನನಗೆ ಅದೇ ಒಳ್ಳೆಯ ಸುದ್ದಿ ಅನ್ನಿಸಿತು.

ಆಮೇಲೆ ಅಪ್ಪನನ್ನು ಕರೆಸಿದೆ. "ಗೌರ್ಮೆಂಟ್ ನೌಕರಿ ಬಿಟ್ರೆ ಯಾವುದಕ್ಕೂ ಗ್ಯಾರಂಟಿ ಇಲ್ಲ" ಅನ್ನೋದು ಅವರ ಖಾಯಂ ಮಾತು. ಅದಕ್ಕೆ ಕಾರಣವೂ ಇದೆ. ಅದಿರು ವ್ಯಾಪಾರ ಜೋರಾಗಿದ್ದಾಗ ಅವರು ಸಾಲ ಮಾಡಿ ಲಾರಿ ತಗೊಂಡಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗೆ ಲೋಡ್ ಇಲ್ಲ, ಕಂತು ಕಟ್ಟೋಕೆ ಆಗಲಿಲ್ಲ, ಫೈನಾನ್ಸ್‌ನವರು ಗಾಡಿ ಎಳೆದುಕೊಂಡು ಹೋದರು. ಮಗನಿಗೆ ಆಗ ಹದಿನಾಲ್ಕು.

"ಆಮೇಲೆ ಏನು ಮಾಡಿದ್ರಿ ಯಜಮಾನ್ರೇ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದೆರಡು ತಿಂಗಳು ಮನೆಯಾಗೇ ಕುಂತಿದ್ದೆ ಮೇಡಂ. ತಲೆ ಕೆಡೋಕೆ ಹತ್ತಿತ್ತು. ಆಮೇಲೆ ಕೂಲಿ ಆದ್ರೂ ಆಗ್ಲಿ ಅಂತ ಬೇರೇವ್ರ ಟ್ರ್ಯಾಕ್ಟರ್ ಹತ್ತಿದೆ. ಲಾರಿ ಓನರ್ ಟ್ರ್ಯಾಕ್ಟರ್ ಡ್ರೈವರ್ ಆದ ಅಂತ ಮಂದಿ ಆಡ್ಕೊಂಡ್ರು. ಆಡ್ಕೊಳ್ಳಿ."

ಮಗ ತಲೆ ಎತ್ತಿ ನೋಡಿದ. ಅಪ್ಪ ಮನೆಯಲ್ಲಿ ಕೂತಿದ್ದ ದಿನಗಳು ಅವನಿಗೆ ಗೊತ್ತಿದ್ದವು, ಎದ್ದು ಹೋಗಿದ್ದು ಹೇಗೆ ಅನ್ನೋದು ಗೊತ್ತಿರಲಿಲ್ಲ. ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಅರ್ಧ ದಿನ ಲೆಕ್ಕಪತ್ರ, ಜಿಎಸ್‌ಟಿ ಬಿಲ್ ನೋಡಿಕೊಳ್ಳುವ ಕೆಲಸ ಇದೆ ಅಂತ ಗೆಳೆಯ ಹೇಳಿದ್ದನಂತೆ. ಪಿಎಸ್‌ಐ ಆಗ್ತೀನಿ ಅಂದವನು ಬಿಲ್ ಬರೀತಾನೆ ಅಂತ ನಗುತ್ತಾರೆ ಅನ್ನೋ ನಾಚಿಕೆಗೆ ಅದನ್ನು ಮುಚ್ಚಿಟ್ಟಿದ್ದ. ಅವತ್ತು ಅಪ್ಪನ ಮುಂದೆ ಹೇಳಿದ.

ಅಪ್ಪ ತಕ್ಷಣ ಒಪ್ಪಲಿಲ್ಲ, "ಓದು ಹಾಳಾಗುತ್ತೆ" ಅಂದರು. ಮಾತುಕತೆ ಆಗಿ ಇಬ್ಬರೂ ಒಂದು ಗಡುವಿಗೆ ಬಂದರು: 30 ತುಂಬುವವರೆಗೆ ಪರೀಕ್ಷೆ, ಜೊತೆಗೆ ಅರ್ಧ ದಿನ ಕೆಲಸ. ಆಮೇಲೆ ಕೂತು ಮಾತಾಡುವುದು. ಸರ್ಕಾರ ಕೊಡದ ತಾರೀಖನ್ನು ಮನೆಯವರೇ ಹಾಕಿಕೊಂಡರು. ಇಂಥ ಗಡುವು ಎಲ್ಲರಿಗೂ ಒಗ್ಗಲ್ಲ, ಕೆಲವರಿಗೆ ಅದೇ ಹೊಸ ಒತ್ತಡ ಆಗುತ್ತೆ. ಇವನಿಗೆ ಒಗ್ಗಿತು.

ಈಗಲೂ ನೌಕರಿ ಸಿಕ್ಕಿಲ್ಲ. ಬೆಳಿಗ್ಗೆ ಓದುತ್ತಾನೆ, ಮಧ್ಯಾಹ್ನದ ಮೇಲೆ ಯೂನಿಟ್‌ಗೆ ಹೋಗುತ್ತಾನೆ. ದಸರಾಕ್ಕೆ ಊರಿಗೆ ಹೋಗಿದ್ದ. ಕೆಲವು ರಾತ್ರಿ ನಿದ್ದೆ ಬರಲ್ಲ, ಅಂಥ ವಾರ ಫೋನ್ ಮಾಡುತ್ತಾನೆ.

ನಿಮ್ಮ ಮನೆಯಲ್ಲಿ ಹೀಗೆ ಯಾರಾದರೂ ಎರಡು ವಾರಕ್ಕಿಂತ ಜಾಸ್ತಿ ಮಂಕಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಬದುಕೋದೇ ಬೇಡ ಅನ್ನೋ ಮಾತು ಬಂದಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಉಚಿತ, ಹಗಲು ರಾತ್ರಿ ಯಾವಾಗಲೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮೂರಿನ ಆಸ್ಪತ್ರೆಗೆ ಯಾವ ವಾರ ಬರುತ್ತಾರೆ ಅಂತ ಮೊದಲೇ ಕೇಳಿಕೊಂಡು ಹೋಗಿ.