ನಳಿಕೆ ಯಾವ ಕಡೆಗಿದೆ?

ಶೂಟಿಂಗ್ ಕ್ಲಬ್ಬಿಗೆ ಹೊಸದಾಗಿ ಸೇರಿದ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಹೆಚ್ಚಿನವು 10 ಮೀಟರ್ ಏರ್ ರೈಫಲ್ (ಒತ್ತಡದ ಗಾಳಿಯಿಂದ ಪೆಲೆಟ್ ಎಂಬ ಸಣ್ಣ ಸೀಸದ ಗುಂಡು ಹಾರಿಸುವುದು) ಮತ್ತು 50 ಮೀಟರ್ .22 ರೈಫಲ್ (ಸುಮಾರು 0.22 ಇಂಚು ವ್ಯಾಸದ ಗುಂಡಿನ, ಮದ್ದು ತುಂಬಿದ ತೋಟಾ ಬಳಸುವುದು) ಬಗ್ಗೆ ಬಂದಿವೆ.

ಪ್ರ: ಮುಂದಿನ ವಾರ ಮೊದಲ ಸಲ ರೇಂಜಿಗೆ ಹೋಗುತ್ತಿದ್ದೇನೆ. ಒಳಗೆ ಕಾಲಿಟ್ಟಲ್ಲಿಂದ ಮೊದಲ ಗುಂಡು ಹಾರಿಸುವವರೆಗೆ ಏನೇನು ಮಾಡಬೇಕು?

ಉ: ರೈಫಲನ್ನು ಪೆಟ್ಟಿಗೆಯಿಂದ ತೆಗೆಯಬೇಕಾದದ್ದು ಫೈರಿಂಗ್ ಪಾಯಿಂಟಿನಲ್ಲಿ, ಅಂದರೆ ಗುಂಡು ಹಾರಿಸುವ ಜಾಗದಲ್ಲಿ, ಹಿಂದಿನ ಕುರ್ಚಿಗಳ ಹತ್ತಿರ ಅಲ್ಲ. ನಳಿಕೆಯ ತುದಿ ಟಾರ್ಗೆಟ್ ಕಡೆ ಇರುವಂತೆ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ಆಮೇಲೆ ಮುಚ್ಚಳ ತೆರೆಯಿರಿ. ತೆರೆದಾಗ ದಿಕ್ಕು ತಿರುಗುಮುರುಗಾಗಿದ್ದರೆ ಮತ್ತೆ ಮುಚ್ಚಿ, ಪೆಟ್ಟಿಗೆಯನ್ನೇ ತಿರುಗಿಸಿ. ರೈಫಲ್ ಎತ್ತಿಕೊಂಡು ತಿರುಗಿದರೆ ನಳಿಕೆ ಹಿಂದೆ ಕೂತವರೆಲ್ಲರ ಮೇಲೆ ಹಾದು ಬರುತ್ತದೆ.

ರೇಂಜ್ ಆಫೀಸರ್ ಅನುಮತಿ ಕೊಟ್ಟ ಮೇಲೆ ರೈಫಲ್ ಎತ್ತಿ, ಮೊದಲು ಬೋಲ್ಟ್ (ನಳಿಕೆಯ ಹಿಂಬದಿ ಮುಚ್ಚುವ ಭಾಗ) ತೆರೆಯಿರಿ, ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಇದ್ದರೆ ಹೊರತೆಗೆಯಿರಿ. ಚೇಂಬರ್ (ನಳಿಕೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಖಾಲಿ ಇದೆಯೇ ಎಂದು ಕಣ್ಣಿನಿಂದ ನೋಡಿ, ಬೆಳಕು ಸಾಲದಿದ್ದರೆ ಕಿರುಬೆರಳಿನಿಂದ ಮುಟ್ಟಿ ನೋಡಿ. ಬೇರೆಯವರು ನಿಮ್ಮ ಕೈಗೆ ಕೊಟ್ಟು ‘ಖಾಲಿ ಇದೆ’ ಎಂದರೂ ಇದನ್ನು ಬಿಡಬೇಡಿ. ಆಮೇಲೆ ರೈಫಲ್ ಖಾಲಿ ಇದೆಯೆಂದು ಎಲ್ಲರಿಗೂ ತೋರಿಸುವ ಸೇಫ್ಟಿ ಫ್ಲ್ಯಾಗ್ ಹಾಕಿ. ಏರ್ ರೈಫಲ್ಲಿನ ಫ್ಲ್ಯಾಗ್ ದಾರದ ಹಾಗೆ ಉದ್ದವಾಗಿರುತ್ತದೆ, ನಳಿಕೆಯ ಪೂರ್ತಿ ಉದ್ದ ದಾಟಿ ತುದಿಯಿಂದ ಹೊರಗೆ ಇಣುಕಬೇಕು. ಒಳಗೆ ಪೆಲೆಟ್ ಉಳಿದಿದ್ದರೆ ದಾರ ಅಲ್ಲೇ ತಡೆಯುತ್ತದೆ. ಬರೀ ಹಿಂಭಾಗಕ್ಕೆ ಸಿಕ್ಕಿಸುವ ತುಂಡು ಫ್ಲ್ಯಾಗ್ ಆ ಸಂಗತಿಯನ್ನು ಹೇಳಲಾರದು.

ಲೋಡ್ ಮಾಡುವುದು ಆಜ್ಞೆ ಬಂದ ಮೇಲೆಯೇ. ಸೈಟ್ (ರೈಫಲಿನ ಮೇಲಿನ, ಗುರಿ ನೋಡುವ ಸಾಧನ) ಟಾರ್ಗೆಟ್ ಮೇಲೆ ಬಂದು ಕೂರುವ ತನಕ ಬೆರಳು ಟ್ರಿಗರ್ ಗಾರ್ಡಿನ ಹೊರಗಿರಲಿ. ಸ್ಪರ್ಧಾ ರೈಫಲ್ಲುಗಳ ಟ್ರಿಗರ್ ಎಷ್ಟು ಹಗುರವೆಂದರೆ, ಬೆರಳು ತಾಗಿದ್ದು ನಿಮಗೆ ತಿಳಿಯುವ ಮೊದಲೇ ಗುಂಡು ಹೋಗಿರುತ್ತದೆ. ‘ಸ್ಟಾಪ್’ ಎಂಬ ಕೂಗು ಕೇಳಿದ ಕ್ಷಣ, ಟ್ರಿಗರನ್ನು ಅರ್ಧ ಒತ್ತಿದ್ದರೂ ಬೆರಳು ಹೊರಗೆ ಬರಬೇಕು. ಅಪಾಯ ಕಂಡರೆ ನೀವೂ ಹಾಗೆ ಕೂಗಬಹುದು, ಅದಕ್ಕೆ ಹಿರಿತನ ಬೇಕಾಗಿಲ್ಲ.

ಆಗ ಲೋಡ್ ಆಗಿದ್ದರೆ? .22ರಲ್ಲಿ ಬೋಲ್ಟ್ ಎಳೆದರೆ ತೋಟಾ ಹೊರಬರುತ್ತದೆ. ಏರ್ ರೈಫಲ್ಲಿನಲ್ಲಿ ಒಳಗೆ ಒತ್ತಿದ ಪೆಲೆಟ್ ಹಾಗೆ ಬರುವುದಿಲ್ಲ. ‘ಲೋಡ್ ಆಗಿದೆ’ ಎಂದು ಆಫೀಸರಿಗೆ ಹೇಳಿ, ಅವರು ಒಪ್ಪಿದ ಮೇಲೆ ಟಾರ್ಗೆಟ್ ಕಡೆಗೇ ಹಾರಿಸಿ ಖಾಲಿ ಮಾಡಬೇಕು. ಸುಮ್ಮನೆ ಕೆಳಗಿಟ್ಟು ಎದ್ದು ಹೋಗುವವರಿದ್ದಾರೆ. ರೇಂಜಿನಲ್ಲಿ ನಮಗೆ ಹೆಚ್ಚು ಹೆದರಿಕೆ ಅಂಥವರದ್ದೇ.

ಪ್ರ: ಸೇಫ್ಟಿ ಹಾಕಿದ ಮೇಲೂ ಇಷ್ಟೆಲ್ಲ ಏಕೆ?

ಉ: ಸೇಫ್ಟಿ ಎಂದರೆ ಗುಂಡು ಹಾರದಂತೆ ತಡೆಯುವ ಒಂದು ಸಣ್ಣ ಲೋಹದ ತುಂಡು. ಸವೆಯುತ್ತದೆ, ಕೊಳೆ ಕಟ್ಟುತ್ತದೆ, ಅರ್ಧಕ್ಕೇ ನಿಲ್ಲುತ್ತದೆ. ಎಷ್ಟೋ ಸ್ಪರ್ಧಾ ರೈಫಲ್ಲುಗಳಲ್ಲಿ ಅದು ಇರುವುದೇ ಇಲ್ಲ. ತೆರೆದ ಬೋಲ್ಟು, ಕಾಣುವ ಫ್ಲ್ಯಾಗು ಇದ್ದರೆ ಹತ್ತು ಹೆಜ್ಜೆ ಆಚೆ ನಿಂತವರಿಗೂ ರೈಫಲಿನ ಸ್ಥಿತಿ ತಿಳಿಯುತ್ತದೆ.

ಪ್ರ: .22ರಲ್ಲಿ ಟ್ರಿಗರ್ ಒತ್ತಿದಾಗ ‘ಟಕ್’ ಎಂದಿತು, ಗುಂಡು ಹೋಗಲಿಲ್ಲ. ಕೂಡಲೇ ಬೋಲ್ಟ್ ತೆರೆದೆ. ಪಕ್ಕದವರು ಬೈದರು. ತಪ್ಪೇನು?

ಉ: ಬೈದದ್ದು ಸರಿಯೇ. ಮದ್ದು ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಬೋಲ್ಟ್ ತೆರೆದಿರುವಾಗ ಹೊತ್ತಿಕೊಂಡರೆ ತೋಟಾದ ತೆಳು ಹಿತ್ತಾಳೆಯ ಕೋಶಕ್ಕೆ ಆಸರೆಯಿಲ್ಲ, ಚೂರುಗಳು ಮುಖದ ಕಡೆಗೇ ಬರುತ್ತವೆ. ನಳಿಕೆಯನ್ನು ಟಾರ್ಗೆಟ್ ಕಡೆಗೇ ಹಿಡಿದುಕೊಂಡು, ಇನ್ನೊಂದು ಕೈ ಎತ್ತಿ ಆಫೀಸರನ್ನು ಕರೆದು, ಕನಿಷ್ಠ 30 ಸೆಕೆಂಡ್ ಕಾಯಿರಿ. ಆಮೇಲೆ ಮುಖ ಪಕ್ಕಕ್ಕೆ ಸರಿಸಿಕೊಂಡು ಬೋಲ್ಟ್ ತೆರೆಯಿರಿ.

.22ರಲ್ಲಿ ಹೀಗಾಗುವುದು ಹೆಚ್ಚು, ಅದಕ್ಕೆ ಕಾರಣವಿದೆ. ಕಿಡಿ ಹೊತ್ತಿಸುವ ಮದ್ದು ತೋಟಾದ ಬುಡದ ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಎಲ್ಲೋ ಒಂದು ಕಡೆ ಮದ್ದು ಕೂರದೆ ಬಿಟ್ಟಿದ್ದು, ಪಿನ್ ಅಲ್ಲಿಗೇ ಬಡಿದರೆ ಬರೀ ‘ಟಕ್’. ಅಂಚೇ ಕಿಡಿಯ ಜಾಗವಾದ್ದರಿಂದಲೇ, ಸಿಕ್ಕಿಕೊಂಡ ಜೀವಂತ ತೋಟಾವನ್ನು ಚಾಕು, ಸ್ಕ್ರೂಡ್ರೈವರ್ ಹಾಕಿ ಅಂಚಿನಿಂದ ಮೀಟುವುದು ಅಪಾಯ. ಹಾರದ ತೋಟಾಗಳು ಕ್ಲಬ್ಬಿನ ಪ್ರತ್ಯೇಕ ಡಬ್ಬಿಗೆ ಹೋಗಬೇಕು, ಕಸದ ಬುಟ್ಟಿಗಲ್ಲ.

ಇನ್ನೊಂದು ಸ್ಥಿತಿ ಇದಕ್ಕಿಂತ ಮೋಸದ್ದು. ಶಬ್ದ ಬರುತ್ತದೆ, ಆದರೆ ‘ಪುಸ್’ ಎಂದು ಕ್ಷೀಣವಾಗಿ. ಟಾರ್ಗೆಟ್ಟಿನಲ್ಲಿ ಹೊಸ ತೂತೂ ಇಲ್ಲ. ಗುಂಡು ನಳಿಕೆಯ ಮಧ್ಯದಲ್ಲೇ ನಿಂತಿರಬಹುದು. ‘ಗುರಿ ತಪ್ಪಿರಬೇಕು’ ಎಂದುಕೊಂಡು ಇನ್ನೊಂದು ಹಾರಿಸಿದರೆ ನಳಿಕೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಇಲ್ಲೂ 30 ಸೆಕೆಂಡ್ ಕಾದು, ಖಾಲಿ ಮಾಡಿ, ಬೋಲ್ಟನ್ನು ಪೂರ್ತಿ ಹೊರತೆಗೆದು, ನಳಿಕೆಯೊಳಗೆ ಆಚೆ ಬದಿಯ ಬೆಳಕು ಕಾಣುತ್ತದೆಯೇ ಎಂದು ಹಿಂದಿನಿಂದ ನೋಡಿ. ಕಾಣದಿದ್ದರೆ ಆ ರೈಫಲಿಗೆ ಅಂದಿಗೆ ರಜೆ. ಬಡಿದು ತೆಗೆಯಲು ಹೋಗದೆ ರಿಪೇರಿ ಬಲ್ಲವರ ಕೈಗೆ ಕೊಡಿ.

ಪ್ರ: ಬಿಸಿ ಕೋಶ ಸಿಡಿದು ಕಾಲರಿನೊಳಗೆ ಬಿದ್ದರೆ?

ಉ: ಸುಡಲಿ. ನಳಿಕೆ ಟಾರ್ಗೆಟ್ ಕಡೆಗಿದ್ದಂತೆಯೇ ರೈಫಲ್ ಕೆಳಗಿಟ್ಟು ಆಮೇಲೆ ಕೊಡವಿಕೊಳ್ಳಿ. ಬೊಬ್ಬೆ ಕೆಲವು ದಿನಗಳಲ್ಲಿ ಮಾಯುತ್ತದೆ. ಕುಣಿಯುತ್ತಾ ತಿರುಗುವುದೇ ಅನಾಹುತ. ಕುತ್ತಿಗೆ ಮುಚ್ಚುವ ಅಂಗಿ ಹಾಕಿದರೆ ಈ ಪ್ರಶ್ನೆಯೇ ಏಳದು.

ಪ್ರ: ಏರ್ ರೈಫಲಿಗೂ ಕನ್ನಡಕ ಬೇಕೇ? ಕಿವಿಗೆ?

ಉ: ಕನ್ನಡಕ ಬೇಕು, ನೋಡುತ್ತಾ ನಿಂತವರಿಗೂ. ನಿಧಾನದ ಸೀಸದ ಪೆಲೆಟ್ ಗಟ್ಟಿ ಮೇಲ್ಮೈಗೆ ನೇರವಾಗಿ ಬಡಿದರೆ ಚಪ್ಪಟೆಯಾಗಿ ಹಿಂದಕ್ಕೆ ಪುಟಿಯುತ್ತದೆ. ಟಾರ್ಗೆಟ್ ಹಿಂದಿನ ಉಕ್ಕಿನ ತಗಡನ್ನು ಓರೆಯಾಗಿ ಕೂರಿಸುವುದು ಇದಕ್ಕೇ.

.22 ರೈಫಲಿನ ಸದ್ದು ಸುಮಾರು 140 ಡೆಸಿಬೆಲ್ ಮುಟ್ಟುತ್ತದೆ, ಮುಚ್ಚಿದ ರೇಂಜಿನಲ್ಲಿ ಗೋಡೆಗಳ ಪ್ರತಿಧ್ವನಿ ಬೇರೆ. ಇಯರ್ ಮಫ್ ಹಾಕಿದರೂ ಕನ್ನಡಕದ ಕಡ್ಡಿ ಅದರ ಅಂಚನ್ನು ಎತ್ತಿ ಸಂದು ಬಿಡುತ್ತದೆ. ಆದ್ದರಿಂದ ಒಳಗೆ ಫೋಮ್ ಪ್ಲಗ್ಗೂ ಇರಲಿ. ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ತೂರಿಸಿ, ಅದು ಅರಳುವ ತನಕ ಒತ್ತಿ ಹಿಡಿಯಿರಿ. ಅರ್ಧ ಹೊರಗೆ ನೇತಾಡುವ ಪ್ಲಗ್ಗಿನಿಂದ ಹೆಚ್ಚು ಪ್ರಯೋಜನವಿಲ್ಲ.

ಪ್ರ: ರೇಂಜಿನೊಳಗೆ ಚಹಾ ಕುಡಿಯಬೇಡಿ ಎನ್ನುತ್ತಾರೆ. ಅತಿಯಾಯಿತಲ್ಲವೇ?

ಉ: ಅಲ್ಲ. ಗುಂಡಿನಲ್ಲೂ, ಅನೇಕ ತೋಟಾಗಳ ಕಿಡಿಮದ್ದಿನಲ್ಲೂ ಸೀಸವಿದೆ. ಪೆಲೆಟ್ ಹಿಡಿದ ಬೆರಳು ಬೂದುಬಣ್ಣಕ್ಕೆ ತಿರುಗುವುದು ಅದರಿಂದಲೇ. ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿಕೊಂಡು ಲೋಡ್ ಮಾಡುವ ಚಟ ಕೆಲವರಿಗಿದೆ, ಇವತ್ತೇ ಬಿಡಿ. ಹೊರಡುವಾಗ ಸೋಪು ಹಚ್ಚಿ ಕೈ, ಮುಖ ತೊಳೆಯಿರಿ, ರೇಂಜಿನ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಮಕ್ಕಳು, ಗರ್ಭಿಣಿಯರಿರುವ ಮನೆಯಲ್ಲಿ ಇದು ಇನ್ನೂ ಮುಖ್ಯ.

ಕ್ಲಬ್ ನಡೆಸುವವರಿಗೆ ಒಂದು ಮಾತು: ಒಣ ಪೊರಕೆ ಹಾಕಿದರೆ ನೆಲದ ಸೀಸ ಗಾಳಿಗೇರುತ್ತದೆ. ಒದ್ದೆ ಮಾಪ್ ಅಥವಾ ಹೆಪಾ ಫಿಲ್ಟರಿನ (ಅತಿ ಸಣ್ಣ ಧೂಳನ್ನೂ ಹಿಡಿಯುವ) ವ್ಯಾಕ್ಯೂಮ್ ಬಳಸಿ. ಗಾಳಿ ಶೂಟರಿನ ಬೆನ್ನಿನಿಂದ ಟಾರ್ಗೆಟ್ ಕಡೆಗೆ ಸಾಗಬೇಕು, ಸೆಕೆಯೆಂದು ಅಡ್ಡಕ್ಕೆ ಇಟ್ಟ ಫ್ಯಾನು ಹೊಗೆಯನ್ನು ಮೂಗಿಗೇ ತರುತ್ತದೆ.

ಪ್ರ: ಕಾಗದದ ಟಾರ್ಗೆಟ್ ಬದಲಾಯಿಸಲು ಮುಂದೆ ಹೋದಾಗ ಹಿಂದಿದ್ದವರು ರೈಫಲ್ ಒರೆಸಬಹುದೇ?

ಉ: ಕೂಡದು. ಎಲ್ಲ ರೈಫಲ್ಲುಗಳೂ ಬೋಲ್ಟ್ ತೆರೆದು, ಫ್ಲ್ಯಾಗ್ ಹಾಕಿ ಕೆಳಗಿರಬೇಕು, ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದಿರಬೇಕು. ಡಯಾಪ್ಟರ್ (ಹಿಂಬದಿಯ ಸೈಟ್) ತಿರುಗಿಸುವುದು, ಪೆಲೆಟ್ ಎಣಿಸುವುದು, ಯಾವುದೂ ಬೇಡ. ಕೊನೆಯವರು ವಾಪಸು ಬಂದು ಆಫೀಸರ್ ಹೇಳಿದ ಮೇಲೆಯೇ ಕೈ ಹಾಕುವುದು.

ಪ್ರ: ಏರ್ ರೈಫಲ್ಲಿನ ಗಾಳಿ ತುಂಬುವ ಸಿಲಿಂಡರಿಗೆ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿಸಬಹುದೇ?

ಉ: ಎಂದಿಗೂ ಬೇಡ. ಒತ್ತಡದ ಆಕ್ಸಿಜನ್ ಒಂದು ಹನಿ ಎಣ್ಣೆ ಅಥವಾ ಗ್ರೀಸ್ ಸಿಕ್ಕರೂ ಸ್ಫೋಟಿಸಬಲ್ಲದು. ತೇವವಿಲ್ಲದ ಒಣ ಗಾಳಿಯನ್ನೇ, ಸಿಲಿಂಡರಿನ ಮೇಲೆ ಕೆತ್ತಿದ ಒತ್ತಡ ಮೀರದಂತೆ, ನಿಧಾನವಾಗಿ ತುಂಬಿಸಿ. ಅದೇ ಕಡೆ ತಯಾರಾದ ತಾರೀಖೂ ಇರುತ್ತದೆ. ತಯಾರಕರು ಹೇಳಿದ ಅವಧಿ ಮುಗಿದಿದ್ದರೆ, ಹೊರಗಿಂದ ಹೊಳೆಯುತ್ತಿದ್ದರೂ ಬದಲಿಸಿ.